ಹದಿನಾಲ್ಕನೆಯ ಶೀಷೆ

ಲಿಂಗಸುಗೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಆದೆಪ್ಪ ಮಾಸ್ತರರಿಗೆ ನಮಸ್ಕಾರ ಹೇಳುವವರು ಊರ ತುಂಬ ಇದ್ದರು, ಕೂತು ಮಾತಾಡುವವರು ಒಬ್ಬರೂ ಇರಲಿಲ್ಲ. ತಪ್ಪು ಮಾಸ್ತರರದೂ ಹೌದೆನ್ನಿ. ಚಹಾದಂಗಡಿಯಲ್ಲಿ ಜನ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಮಾತಾಡುತ್ತಿದ್ದರೆ, ಇವರು ಭತ್ತದ ಬೇರಿನ ಜೀವಕೋಶದ ಪೊರೆಯಲ್ಲಿರುವ ಕಿಣ್ವವೊಂದು ಎಷ್ಟು ದೊಡ್ಡದಿರಬಹುದು ಎಂದು ಶುರುಮಾಡುತ್ತಿದ್ದರು. ಕೇಳುವವರಿಗೆ ತಟ್ಟನೆ ಮನೆಯ ಕೆಲಸ ನೆನಪಾಗುತ್ತಿತ್ತು.

ಆ ಕಿಣ್ವ ಕಣ್ಣಿಗೆ ಕಾಣದು. ಪೊರೆಯಿಂದ ಬಿಡಿಸಿದರೆ ಕೆಲಸವನ್ನೇ ನಿಲ್ಲಿಸುತ್ತದೆ. ಮತ್ತೆ ಅಳೆಯುವುದು ಹೇಗೆ?

“ಕತ್ತಲ ಕೋಣ್ಯಾಗ ಗಡಿಗಿ ಅದಾವ, ಕಣ್ಣು ಕಟ್ಟಿಕೊಂಡು ಕಲ್ಲು ಒಗೀರಿ,” ಎಂದು ಅವರು ಹುಡುಗರಿಗೆ ಹೇಳುತ್ತಿದ್ದರು. “ಸಣ್ಣವು ತಪ್ಪಿಸಿಕೊಂತಾವ, ದೊಡ್ಡವು ಲಗೂನ ಒಡೀತಾವ. ಎಷ್ಟು ಕಲ್ಲಿಗೆ ಎಷ್ಟು ಉಳದಾವ ಅಂತ ನೋಡಿದರ ಗಡಿಗಿ ಅಳತಿ ಸಿಗತೈತಿ.” ಕಲ್ಲಿನ ಬದಲು ವಿಕಿರಣ, ಅಷ್ಟೇ.

ಹಾಗೆ ಅಳೆದಾಗ ಅವರಿಗೆ ಸಿಕ್ಕ ಗಾತ್ರ ಉಳಿದ ವಿಜ್ಞಾನಿಗಳು ಹೇಳಿದ್ದಕ್ಕಿಂತ ಸರಿಯಾಗಿ ಎರಡು ಪಟ್ಟು. ಎರಡು ಕಿಣ್ವಗಳು ಜೋಡಿಯಾಗಿ ದುಡಿಯುತ್ತವೆ ಎಂದು ಮಾಸ್ತರರ ವಾದ. ಪಿಎಚ್.ಡಿ. ಮಾರ್ಗದರ್ಶಕರು ಒಪ್ಪಲಿಲ್ಲ. “ನಿಮ್ಮ ಕೈತಪ್ಪು. ಇನ್ನೊಮ್ಮೆ ಮಾಡಿ ತೋರಿಸಿ, ಇಲ್ಲವೇ ಬಿಡಿ,” ಎಂದರು. ಆ ನಡುವೆ ಮಸ್ಕಿಯಲ್ಲಿದ್ದ ಅಕ್ಕ ಕಸ್ತೂರೆಮ್ಮ ಮೂರು ಕನ್ಯೆ ನೋಡಿದ್ದಳು. ಮೂರಕ್ಕೂ ಇವರದು ಒಂದೇ ಉತ್ತರ: “ಪಿಎಚ್.ಡಿ. ಮುಗೀಲಿ ಅಕ್ಕಾ.”

1985ರ ಬೇಸಿಗೆಯಲ್ಲಿ ಅವರು ಬೇರಿನ ಪೊರೆಯ ರಸ ತುಂಬಿ, ಒಂದೊಂದರ ಮೇಲೂ ಅಂಕಿ ಬರೆದು, ಹೈದರಾಬಾದಿನಲ್ಲಿ ವಿಕಿರಣಕ್ಕೊಡ್ಡಿದ ಇಪ್ಪತ್ನಾಲ್ಕು ಸಣ್ಣ ಶೀಷೆಗಳನ್ನು ಮಂಜಿನ ಡಬ್ಬಿಯಲ್ಲಿಟ್ಟುಕೊಂಡು ಹೊರಟರು. ಲಿಂಗಸುಗೂರು ಮುಟ್ಟಿ ಪರೀಕ್ಷೆ ಮಾಡುವವರೆಗೆ ಅವು ಕರಗಬಾರದು. ಸಿಂಧನೂರು ದಾಟಿದ ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಡಬ್ಬಿಯನ್ನು ಅಕ್ಕನ ಅಡುಗೆಮನೆಯ ತಂಪಿನಲ್ಲಿಟ್ಟು ಬರ್ಫ ತರಲು ಸೋಡಾ ಅಂಗಡಿಗೆ ಓಡಿದರು. ಡಬ್ಬಿಯಲ್ಲಿ ಏನಿದೆಯೆಂದು ಅಕ್ಕನಿಗೆ ಹೇಳಲಿಲ್ಲ. ಹೇಳಿ ಹೇಳಿ ಸೋತ ಮನುಷ್ಯ, ಹೇಳುವುದನ್ನೇ ಬಿಟ್ಟಿದ್ದರು.

ತಿರುಗಿ ಬರುವಷ್ಟರಲ್ಲಿ ಡಬ್ಬಿ ಬೆಚ್ಚಗಾಗಿತ್ತು. ಒಳಗೆ ಶೇಂಗಾ ಹೋಳಿಗೆ.

“ತವರಿನ ಡಬ್ಬಿ ಬರಿದು ಕಳಸಬಾರದು ತಮ್ಮಾ,” ಎಂದಳು ಅಕ್ಕ. “ಶೀಷ್ಯಾಗ ಎಂಥದೋ ಹಳಸಿದ ಮಜ್ಜಿಗಿ ಇತ್ತು. ಚೆಲ್ಲಿ, ತೊಳದು ಇಟ್ಟೀನಿ.”

ಮಾಸ್ತರರ ಕೈಯಲ್ಲಿದ್ದ ಬರ್ಫ ನೀರಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಚಲೋ ಮಾಡಿದಿ ಅಕ್ಕಾ,” ಎಂದರು.

ಹೈದರಾಬಾದಿನವರು ವಿಕಿರಣ ಯಂತ್ರಕ್ಕೆ ಮತ್ತೆ ಸರದಿ ಕೊಡಲಿಲ್ಲ. ಪಿಎಚ್.ಡಿ. ನಿಂತಿತು, ಕನ್ಯೆಯರ ಮಾತೂ ನಿಂತಿತು. ಎಂಟು ವರ್ಷ ಅವರು ಬಾಡಿಗೆ ಕೋಣೆಯಲ್ಲಿ ಒಬ್ಬರಿಗೇ ಅನ್ನ ಬೇಯಿಸಿಕೊಂಡರು. ಹಬ್ಬದ ದಿನ ಕೋಣೆಯ ಬೀಗ ತೆಗೆಯಲು ಅವರಿಗೆ ದುಃಖವಾಗುತ್ತಿತ್ತು.

1993ರಲ್ಲಿ ಉತ್ತರಪತ್ರಿಕೆ ತಿದ್ದಲು ಹೋದ ಊರಿನ ಗ್ರಂಥಾಲಯದಲ್ಲಿ ಅವರು ಒಂದು ವಿದೇಶಿ ಪತ್ರಿಕೆ ತೆರೆದರು. ಅದೇ ಕಿಣ್ವ, ಅದೇ ಎರಡು ಪಟ್ಟು. ಹೆಸರು ಮಾತ್ರ ಬೇರೆ ಯಾರದೋ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಮಸ್ಕಿ ಬಸ್ಸು ಹತ್ತಿದರು.

“ಅಕ್ಕಾ, ನಾ ಹೇಳಿದ್ದು ಖರೇ ಆತು. ಅವು ಎರಡು ಕೂಡಿದರ ದುಡೀತಾವ. ಒಂದರ ಕೈಲೆ ಏನೂ ಆಗಾಂಗಿಲ್ಲ.”

ಕಸ್ತೂರೆಮ್ಮ ನಕ್ಕಳು. “ಇದನ್ನ ತಿಳಕೊಳ್ಳಾಕ ಹೈದರಾಬಾದಿಗೆ ಹೋಗಬೇಕಿತ್ತೇನೋ? ನಾ ಇಷ್ಟು ವರ್ಷ ಅದನ್ನ ಬಡಕೊಂಡೀನಿ. ಆವಾಗ ಯಾಕ ಬಿಟ್ಟಿ ಆ ಓದು? ಯಾರರ ಏನರ ಅಂದರೇನು?”

ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯ ಕನ್ನಡಿಯ ಕೆಳಗಿನ ಹಲಗೆ ಕಣ್ಣಿಗೆ ಬಿತ್ತು. ಅಲ್ಲಿ ಅಕ್ಕ ದಿನಾ ಹಚ್ಚಿಕೊಳ್ಳುವ ಕುಂಕುಮ ತುಂಬಿದ ಸಣ್ಣ ಶೀಷೆಯಿತ್ತು. ಮೈಮೇಲೆ ಅವರದೇ ಕೈಯ ಬಿಳಿ ಬಣ್ಣದ ಅಂಕಿ, ಹದಿನಾಲ್ಕು.

“ಯಾರೂ ಏನೂ ಅನಲಿಲ್ಲಕ್ಕಾ. ನನಗ ಬ್ಯಾಸರಾತು.”

ಅಕ್ಕ ತಮ್ಮನ ಊಟದ ಡಬ್ಬಿ ತುಂಬಲು ಒಳಗೆ ಹೋದಳು. ಆದೆಪ್ಪ ಮಾಸ್ತರರು ಎದ್ದು, ಶೀಷೆಯ ಅಂಕಿಯನ್ನು ಗೋಡೆಯ ಕಡೆ ತಿರುಗಿಸಿಟ್ಟರು.