ಗಂಡನ ಎದೆಯ ನೀಲಿ ಪಟ್ಟಿ

ನನ್ನ ಗಂಡನ ಎದೆಯ ಮೇಲಿದ್ದ ನೀಲಿ ಪಟ್ಟಿಯನ್ನು ಬಬಲೇಶ್ವರದ ಸುಭೇದಾರ ಕಿತ್ತದ್ದು ಯುದ್ಧ ಮುಗಿದ ಮರುವರ್ಷ, ವಿಜಾಪುರದ ಬಯಲಿನಲ್ಲಿ, ನೂರಾರು ಜನರ ಕಣ್ಣೆದುರಿಗೆ. ಯುದ್ಧದಿಂದ ತಿರುಗಿ ಬಂದ ಸಿಪಾಯಿಗಳಿಗೆ ಅಂದು ಸನ್ಮಾನವಿತ್ತು. ಟಿಕೋಟದಿಂದ ನಾವಿಬ್ಬರೂ ಚಕ್ಕಡಿಯಲ್ಲಿ ಹೋಗಿದ್ದೆವು. ಹೆಂಗಸರನ್ನು ಬೇವಿನ ಗಿಡದ ಕೆಳಗೆ ಕೂಡಿಸಿದ್ದರು. ನಾನು ಎಲ್ಲರಿಗಿಂತ ಮುಂದೆ ಕೂತಿದ್ದೆ, ಹೀಗಾಗಿ ಪೂರಾ ಕಂಡಿತು.

ಸುಭೇದಾರನೂ ನನ್ನ ಗಂಡನ ಪಲ್ಟಣದಲ್ಲಿಯೇ ಇದ್ದವನು, ಅವರ ಮೇಲಧಿಕಾರಿ. ಸಾಲಾಗಿ ನಿಂತ ಸಿಪಾಯಿಗಳಿಗೆ ಪಲ್ಟಣ ಬಿಡುವಾಗ ಕೊಟ್ಟಿದ್ದ ಬಿಡುಗಡೆ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಬಂದ. ನಮ್ಮವರ ಮುಂದೆ ನಿಂತ.

"ಇದೇನಲೇ ಇದು? ಎಲ್ಲಿಂದ ತಂದಿ?"

"ಬರ್ಮಾದಾಗ ಕೊಟ್ಟಾರ್ರಿ. ದವಾಖಾನಿಗೆ ದೊಡ್ಡ ಸಾಹೇಬ್ರು ಬಂದು ಚುಚ್ಚಿದ್ರು. ನೀವೂ ಅಲ್ಲೇ ಇದ್ರಲ್ರಿ."

"ಪುಸ್ತಕದಾಗ ಬರದಿಲ್ಲ. ಬರದಿಲ್ಲಂದ್ರ ಕೊಟ್ಟಿಲ್ಲ. ಇಲ್ಲದ್ದನ್ನ ಎದಿಗಿ ಹಚ್ಕೊಂಡು ತಿರಗಿದ್ರ ಜೇಲಿಗೆ ಹಾಕ್ತಾರ, ಗೊತ್ತೈತೇನು?"

ಹಾಗೆಂದವನೇ ಎರಡು ಬೆರಳಿನಿಂದ ಪಟ್ಟಿಯನ್ನು ಹಿಡಿದು ಜಗ್ಗಿದ. ಅಂಗಿಯೂ ಹರಿಯಿತು. ನೀಲಿ ಬಟ್ಟೆ, ನಡುವೆ ಬಿಳಿ ಕೆಂಪು ಗೆರೆ, ಹೆಬ್ಬೆರಳಿನಷ್ಟು ಅಗಲ. ಪದಕ ಕೈಗೆ ಬರುವ ತನಕ ಅದರ ಗುರುತಾಗಿ ಎದೆಗೆ ಚುಚ್ಚುವ ಪಟ್ಟಿ ಅದು. ಅದನ್ನು ತನ್ನ ಕಿಸೆಗೆ ಹಾಕಿಕೊಂಡ. ಹಿಂದೆ ಯಾರೋ, "ಕೇರಿಯವಗ ಬಿಲ್ಲೆ ಬೇರೆ ಬೇಕಾಗಿತ್ತು" ಎಂದರು. ನಾಲ್ಕು ಜನ ನಕ್ಕರು.

ನಮ್ಮವರು ಅಲುಗಾಡಲಿಲ್ಲ. ಮೈ ಸೆಟೆದು, ಕಣ್ಣು ದೂರಕ್ಕೆ ನೆಟ್ಟು, ಸಿಪಾಯಿ ನಿಲ್ಲುವ ಹಾಗೆಯೇ ನಿಂತರು. ಬಡಿದಾಡಿದ್ದರೆ, ಬೈದಿದ್ದರೆ, ಕಡೆಗೆ ಅತ್ತಿದ್ದರೂ ನನ್ನ ಸಿಟ್ಟು ಅಲ್ಲಿಯೇ ಮುಗಿಯುತ್ತಿತ್ತೇನೋ. ಅವರು ಸುಮ್ಮನೆ ನಿಂತದ್ದರಿಂದ ಅದು ಪೂರ್ತಿ ನನ್ನ ಪಾಲಿಗೆ ಬಂತು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಆ ಪುಸ್ತಕವನ್ನು ಓದಿದ್ದು. ನನ್ನಪ್ಪ ಇಬ್ರಾಹಿಂಪುರದ ಹತ್ತಿರ ರೈಲು ಹಳಿಯ ಕೆಲಸದವನು. ನಾಲ್ಕನೆಯ ಇಯತ್ತೆಯ ತನಕ ನನ್ನನ್ನು ಸಾಲಿಗೆ ಕಳಿಸಿದ್ದ. ಇಂಗ್ಲಿಷ್ ಅಕ್ಷರಗಳನ್ನು ನಾನು ಗೂಡ್ಸ್ ಗಾಡಿಯ ಡಬ್ಬಿಗಳ ಮೇಲೆ ನೋಡಿ ಕಲಿತಿದ್ದೆ. ಗಂಡನಿಗೆ ಓದು ಬರುತ್ತಿರಲಿಲ್ಲ. ಯುದ್ಧದ ಮೂರು ವರ್ಷ ಅವರ ಹೆಸರಿನ ಮುಂದೆ ಸಿಪಾಯಿ ನಂಬರು ಹಾಕಿ ಕಾಗದ ಬರೆದವಳು ನಾನೇ. ಪುಸ್ತಕದಲ್ಲಿ ಪದಕಗಳನ್ನು ಬರೆಯುವ ಜಾಗ ಸಿಕ್ಕಿತು. ಅಲ್ಲಿ ಇಂಗ್ಲಿಷಿನ ಮೂರೇ ಮೂರು ಅಕ್ಷರ. ನಿಲ್. ಏನೂ ಇಲ್ಲ ಅಂತ. ಕೆಳಗೆ, ಆ ಹಾಳೆಯನ್ನು ತುಂಬಿದವನ ಸಹಿ. ಅದು ಸುಭೇದಾರನದು.

"ಯಾಕ ಹಿಂಗ ಬರದಾನ?" ಎಂದು ಕೇಳಿದೆ.

ಅವರು ತುಂಡು ತುಂಡಾಗಿ ಹೇಳಿದರು. ಅವರ ಕೆಲಸ ಗಾಯಾಳುಗಳನ್ನು ಸ್ಟ್ರೆಚರಿನ ಮೇಲೆ ಹೊತ್ತು ತರುವುದು. ಬರ್ಮಾದ ಒಂದು ಹೊಳೆಯ ಆಚೆ ದಂಡೆಯಲ್ಲಿ ಆರು ಮಂದಿ ಗಾಯಗೊಂಡು ಬಿದ್ದಿದ್ದರು. ಗುಂಡುಗಳು ಬೀಳುತ್ತಿದ್ದವು. ಸುಭೇದಾರ ಎಲ್ಲರನ್ನೂ ಹಿಂದಕ್ಕೆ ಕರೆದ. "ಅವರು ಸತ್ತಾರ, ಬಿಡ್ರಿ" ಎಂದ. ಗಾಯಗೊಂಡವರು ಒದರುವುದು ಈಚೆ ದಂಡೆಗೆ ಕೇಳುತ್ತಿತ್ತು. ನನ್ನ ಗಂಡ ಮತ್ತು ಇನ್ನೊಬ್ಬ ಹೊಳೆಗಿಳಿದು ನಾಲ್ಕು ಸಲ ಹೋಗಿ ಬಂದರು. ನಾಲ್ವರು ಉಳಿದರು. ಕೊನೆಯ ಸಲ ಜೊತೆಗಿದ್ದವನು ನೀರಿನಲ್ಲಿಯೇ ಹೋದ. ಪದಕ ಯಾತಕ್ಕೆಂದು ಪುಸ್ತಕದಲ್ಲಿ ಬರೆದರೆ, ಸುಭೇದಾರ ಕೊಟ್ಟ ಅಪ್ಪಣೆಯೂ ಬೆಳಕಿಗೆ ಬರುತ್ತಿತ್ತು. ಅದಕ್ಕೇ ಆ ಮೂರು ಅಕ್ಷರ.

"ಹೋಗ್ಲಿ ಬಿಡು. ನಾ ಮಾಡಿದ್ದು ನನಗ ಗೊತ್ತೈತಿ," ಎಂದರು.

"ನಿಮಗ ಗೊತ್ತಿದ್ರ ಸಾಕೇನ್ರಿ? ನಕ್ಕವರಿಗೆ ಗೊತ್ತಾಗೂದು ಬ್ಯಾಡೇನು?"

ಮರುದಿನವೇ ಅರ್ಜಿ ಬರೆದೆ. ವಿಜಾಪುರದಲ್ಲಿ ಮಾಜಿ ಸಿಪಾಯಿಗಳ ಕೆಲಸ ನೋಡುವ ಒಂದು ಕಚೇರಿ ಇತ್ತು. ಅಲ್ಲಿ ಕೊಟ್ಟು ಬಂದೆ. ಎರಡು ತಿಂಗಳು ಕಾದೆ, ಉತ್ತರವಿಲ್ಲ. ಮತ್ತೊಂದು ಕೊಟ್ಟೆ. ಅದೂ ಹಾಗೆಯೇ. ಮೂರನೆಯ ಸಲ ಹೋದಾಗ ಬಾಗಿಲಲ್ಲಿ ಕೂತ ಮುದಿ ಜವಾನ ನನ್ನನ್ನು ಗೋಡೆಯ ಮರೆಗೆ ಕರೆದ.

"ಯವ್ವಾ, ಸುಮ್ನ ಯಾಕ ತಿರಗ್ತಿ? ನಿನ್ನ ಎರಡೂ ಅರ್ಜಿ ಬಬಲೇಶ್ವರದ ಸುಭೇದಾರ್ರು ಒಯ್ದಾರ. ವಾರದಾಗ ಎರಡು ದಿನ ಅವರೇ ಇಲ್ಲಿ ಕುಂತು ಕಾಗದ ನೋಡ್ತಾರ."

ಅಂದಿನಿಂದ ನನ್ನ ಮನಸ್ಸಿನಲ್ಲಿ ಬೇರೆ ಮಾತಿಗೆ ಜಾಗವಿರಲಿಲ್ಲ. ಜೋಳ ಬೀಸುವಾಗ, ಹೊಲದಲ್ಲಿ ಕಳೆ ತೆಗೆಯುವಾಗ, ಬಟ್ಟೆ ಒಗೆಯುವಾಗ ಅವನ ಕೈಯೇ ಕಣ್ಣಮುಂದೆ. ಕಿರುಬೆರಳಿನಲ್ಲಿ ಹವಳದ ಉಂಗುರ, ಬೆರಳ ಮೇಲೆ ಕಪ್ಪು ಕೂದಲು. ಆ ಕೈ ನಡುಗುವುದನ್ನು ನೋಡಬೇಕು ಅನಿಸುತ್ತಿತ್ತು. ನ್ಯಾಯ ಬೇಕು ಎಂದು ಅರ್ಜಿಯಲ್ಲಿ ಬರೆದಿದ್ದೆ ನಿಜ. ಆದರೆ ನನಗೆ ಬೇಕಾದದ್ದು ಅದಷ್ಟೇ ಆಗಿರಲಿಲ್ಲ. ಹರಿದ ಅಂಗಿಯನ್ನು ಹೊಲಿದುಕೊಡು ಎಂದು ನಮ್ಮವರು ಎರಡು ಸಲ ಕೇಳಿದರು. ನಾನು ಹೊಲಿಯಲಿಲ್ಲ.

ಬರ್ಮಾದಲ್ಲಿ ಬದುಕಿ ಉಳಿದ ಆ ನಾಲ್ವರಲ್ಲಿ ಒಬ್ಬ ಕನಮಡಿ ಊರಿನವನು ಎಂದು ಗಂಡನ ಬಾಯಿಂದ ಹೊರಡಿಸಿದೆ. ಒಂದು ಕಾಲು ಕಳೆದುಕೊಂಡು ಊರಿಗೆ ಬಂದಿದ್ದ. ಇಬ್ಬರೂ ಅಲ್ಲಿಗೆ ಹೋದೆವು. ಒಕ್ಕಲುತನದ ಮನೆ. ಅವನ ಅವ್ವ ಕಟ್ಟೆಯ ಮೇಲಿಂದಲೇ ನಮ್ಮ ಬೊಗಸೆಗೆ ನೀರು ಹೊಯ್ಯಲು ಬಂದಳು. ಅವನು ಊರುಗೋಲಿನ ಮೇಲೆ ಕುಪ್ಪಳಿಸುತ್ತ ಬಂದು ತಂಬಿಗೆಯನ್ನೇ ಕಸಿದು ನನ್ನ ಗಂಡನ ಕೈಯಲ್ಲಿಟ್ಟ.

"ಇವನ ಹೆಗಲ ಮ್ಯಾಲ ಕುಂತು ಹೊಳಿ ದಾಟೇನಬೇ ನಾನು. ತಂಬಿಗಿ ಏನು ದೊಡ್ಡದು?"

ಬಂದ ಕಾರಣ ಹೇಳಿದೆವು. ಸಾಕ್ಷಿ ಹೇಳಲು ಒಪ್ಪಿದ. ಆದರೆ ಬಾಯಿಮಾತನ್ನು ಯಾರು ಕೇಳುತ್ತಾರೆ ಎಂದು ಅವನೇ ಅಂದ. ನನ್ನ ಗಂಡನಿಗೆ ಕೊಡಲೆಂದು ಹೊಗೆಸೊಪ್ಪು ತೆಗೆಯಲು ಪಲ್ಟಣದಿಂದ ತಂದ ತಗಡಿನ ಟ್ರಂಕನ್ನು ತೆರೆದ. ಮುಚ್ಚಳದ ಒಳಗೆ ಅಚ್ಚಾದ ಹಾಳೆಗಳನ್ನು ಅಂಟಿಸಿದ್ದ.

"ಇವೇನು?" ಎಂದೆ.

"ತುಕ್ಕು ಅಂಗಿ ಅರಿಬಿಗೆ ಹತ್ತತಿತ್ತು. ದವಾಖಾನ್ಯಾಗ ಬಿದ್ದ ಕಾಗದ ಅಂಟಿಸೇನಿ. ಪಲ್ಟಣದಾಗ ದಿನಾ ಅಚ್ಚು ಹಾಕಿ ಹಂಚೂ ಹುಕುಂ ಅವು."

ನಾನು ಮುಚ್ಚಳವನ್ನು ಬಿಸಿಲಿಗೆ ತಿರುಗಿಸಿ ನೋಡಿದೆ. ಇಂಗ್ಲಿಷಿನ ವಾಕ್ಯ ತಿಳಿಯಲಿಲ್ಲ. ಅಂಕಿಗಳು ಮಾತ್ರ ಕಣ್ಣಿಗೆ ಹೊಡೆದವು. ಮೂರು ವರ್ಷ ಕಾಗದದ ಮೇಲೆ ಬರೆದ ನಂಬರನ್ನು ಯಾವ ಹೆಂಡತಿ ಮರೆತಾಳು? ಎರಡನೆಯ ಹಾಳೆಯ ನಡುವೆ ಅದೇ ನಂಬರು, ಅದರ ಮುಂದೆ ನನ್ನ ಗಂಡನ ಹೆಸರು. ಟ್ರಂಕನ್ನು ಚಕ್ಕಡಿಗೆ ಹೇರಿ, ಅವನನ್ನೂ ಕೂಡಿಸಿಕೊಂಡು ನೇರ ವಿಜಾಪುರದ ಸ್ಟೇಶನ್ನಿಗೆ ಹೋದೆವು. ನನ್ನಪ್ಪನಿಗೆ ಗುರುತಿದ್ದ ಒಬ್ಬ ಬಾಬು ಅದನ್ನು ಓದಿ ಕನ್ನಡದಲ್ಲಿ ಹೇಳಿದರು: ಗುಂಡಿನ ಮಳೆಯಲ್ಲಿ ಹೊಳೆ ದಾಟಿ ಗಾಯಾಳುಗಳನ್ನು ತಂದದ್ದಕ್ಕೆ ಇಂಥವನಿಗೆ ಶೌರ್ಯ ಪದಕ ಮಂಜೂರಾಗಿದೆ.

ಈ ಸಲ ನಾನು ಆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಆರು ತಿಂಗಳಿಗೊಮ್ಮೆ ಮಿಲಿಟರಿಯ ಒಬ್ಬ ಸಾಹೇಬರು ಪುಣೆಯ ಕಡೆಯಿಂದ ಬಂದು ಸಿಪಾಯಿಗಳ ಅಹವಾಲು ಕೇಳುತ್ತಿದ್ದರು. ಅವರು ಬರುವ ದಿನವನ್ನು ಜವಾನ ತಿಳಿಸಿದ. ಸಾಹೇಬರು ಇಳಿದ ಬಂಗಲೆಗೆ ಕನಮಡಿಯವನನ್ನೂ ಕರೆದುಕೊಂಡು ಹೋಗಿ ಟ್ರಂಕನ್ನು ಅವರ ಮೇಜಿನ ಮೇಲೆಯೇ ಇಟ್ಟೆ. ಕಾಗದಗಳು ಹಾರಿ ಬಿದ್ದವು. ಅವರು ಸಿಟ್ಟಾದರು. ಮುಚ್ಚಳ ತೆರೆದು ನಂಬರಿನ ಮೇಲೆ ಬೆರಳಿಟ್ಟೆ. ಇನ್ನೊಂದು ಕೈಯಲ್ಲಿ ಪುಸ್ತಕದ 'ನಿಲ್' ತೋರಿಸಿದೆ. ಎರಡನ್ನೂ ಓದಿ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಕನಮಡಿಯವನು ತನ್ನ ಪ್ಯಾಂಟನ್ನು ಮೇಲೆತ್ತಿ ಮೊಂಡು ಕಾಲು ತೋರಿಸಿದ. ಹಾಳೆಯನ್ನು ಕೀಳಲು ನೋಡಿದರು, ಹರಿಯುವ ಹಾಗಿತ್ತು. ಕೊನೆಗೆ ಮುಚ್ಚಳವನ್ನೇ ಬಿಚ್ಚಿಸಿ, ರಸೀದಿ ಬರೆದುಕೊಟ್ಟು, ಪುಸ್ತಕದೊಡನೆ ಒಯ್ದರು. ಕನಮಡಿಯವನು ಮುಚ್ಚಳವಿಲ್ಲದ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ನಗುತ್ತ ಬಂದ.

ಎಂಟು ತಿಂಗಳಾದ ಮೇಲೆ, ದೇಶ ಸ್ವತಂತ್ರವಾದ ಹೊಸತರಲ್ಲಿ, ಟಪಾಲಿನಲ್ಲಿ ಹೊಸ ಪುಸ್ತಕ ಬಂತು. 'ನಿಲ್' ಇದ್ದ ಜಾಗದಲ್ಲಿ ಈಗ ಮೂರು ಸಾಲು. ಜೊತೆಗೆ ಕನ್ನಡದಲ್ಲಿ ಒಂದು ಕಾಗದ: ಈ ತಪ್ಪು ಹೇಗಾಯಿತೆಂದು ತಾವು ದೂರು ಕೊಡುವುದಿದ್ದರೆ ವಿಚಾರಣೆ ನಡೆಸುತ್ತೇವೆ, ಬರೆದು ಕಳಿಸಿರಿ. ಅದನ್ನು ನಾನು ಎಷ್ಟು ಸಲ ಓದಿದೆನೋ.

ಆ ಕಾಗದದ ಸುದ್ದಿ ಬಬಲೇಶ್ವರಕ್ಕೂ ಮುಟ್ಟಿತು. ಒಂದು ಮುಂಜಾನೆ ಸುಭೇದಾರ ಟಿಕೋಟಕ್ಕೆ, ನಮ್ಮ ಕೇರಿಗೆ, ನಮ್ಮ ಬಾಗಿಲಿಗೆ ಬಂದ. ಅವನು ಕೇರಿಯಲ್ಲಿ ಕಾಲಿಟ್ಟದ್ದು ಅದೇ ಮೊದಲು. ಕಿಸೆಯಿಂದ ನೀಲಿ ಪಟ್ಟಿಯನ್ನು ತೆಗೆದು ನನ್ನ ಗಂಡನ ಮುಂದೆ ಹಿಡಿದ.

"ಕೆಲಸದ ಗದ್ದಲದಾಗ ಬರಿಯೂದು ಉಳದಿತ್ತಪ್ಪಾ. ದೂರು ಗೀರು ಅಂತ ಹೋಗಬ್ಯಾಡ್ರಿ. ಈ ವಯಸ್ಸಿನ್ಯಾಗ ನನ್ನ ಮಾನ ಹೋಗತೈತಿ."

ನಮ್ಮವರು ಕೈ ಚಾಚಿದರು. "ಆತು ಬಿಡ್ರಿ ಸಾಹೇಬ್ರ. ನಾವೇನು ದೂರು ಕೊಡಂಗಿಲ್ಲ," ಎಂದೇಬಿಟ್ಟರು. ನಾನು ನಡುವೆ ಬಂದು ನಿಂತೆ.

"ಇಲ್ಲಿ ಬ್ಯಾಡ್ರಿ. ಎಲ್ಲಿ ಕಿತ್ತೀರಿ ಅಲ್ಲೇ ಚುಚ್ಚರಿ. ಬರೂ ತಿಂಗಳ ಸಭಾ ಐತಲ್ಲ, ಎಲ್ಲಾರೂ ಇರ್ತಾರ. ಯಾಕ ಕೊಟ್ಟಾರ ಅನ್ನೂದನ್ನ ನೀವೇ ಓದಿ ಹೇಳ್ರಿ."

"ಹೇಳ್ತೇನಿ. ಆಮ್ಯಾಲ ದೂರಿನ ಆ ಕಾಗದ ನನಗ ಕೊಡ್ತೀಯಲ್ಲವ್ವಾ?"

"ಮೊದಲ ಚುಚ್ಚರಿ. ಆಮ್ಯಾಲ ನೋಡೂಣು."

ಸಭೆಯ ದಿನ ನಮ್ಮವರಿಗೆ ಅದೇ ಹರಿದ ಅಂಗಿ ತೊಡಿಸಿದೆ. ಬೇಡವೆಂದರು, ಬಿಡಲಿಲ್ಲ. ಬಯಲಿಗೆ ಹೋಗುವ ಮೊದಲು ಟಪಾಲು ಕಚೇರಿಯಲ್ಲಿ ನನಗೊಂದು ಕೆಲಸವಿತ್ತು, ಮುಗಿಸಿದೆ. ನಾನು ಈ ಸಲ ಗಿಡದ ಕೆಳಗೆ ಕೂಡಲಿಲ್ಲ, ನಿಂತೇ ಇದ್ದೆ. ಸುಭೇದಾರ ಆ ಮೂರು ಸಾಲುಗಳನ್ನು ಕನ್ನಡದಲ್ಲಿ ಹೇಳಿದ. ಹೊಳೆಯ ಮಾತು ಬಂದಾಗ ಪುಸ್ತಕದೊಳಗೆ ಮುಖ ಹುದುಗಿಸಿ ಹೇಳಿದ. ಕನಮಡಿಯವನು ಗುಂಪಿನಿಂದ, "ಜೋರ ಹೇಳ್ರಿ ಸಾಹೇಬ್ರ, ಕೇಳೂದಿಲ್ಲ!" ಎಂದು ಕೂಗಿದ. ಮತ್ತೊಮ್ಮೆ ಹೇಳಿದ. ಪಟ್ಟಿ ಚುಚ್ಚುವಾಗ ಆ ಕೈ ನಡುಗಿತು. ಸೂಜಿ ಎರಡು ಸಲ ತಪ್ಪಿತು. ನಾನು ರೆಪ್ಪೆ ಮಿಟುಕಿಸದೆ ನೋಡಿದೆ. ಈ ಸಲ ಯಾರೂ ನಗಲಿಲ್ಲ.

ಜನ ಚದುರಿದ ಮೇಲೆ ನನ್ನ ಹತ್ತಿರ ಬಂದ. "ಇನ್ನ ಆ ಕಾಗದ ಕೊಡವ್ವಾ."

"ದೂರು ಬರದು ಮುಂಜಾನೆನ ಟಪಾಲಿಗೆ ಹಾಕೇನ್ರಿ. ರಜಿಸ್ಟರ ಮಾಡಿ."

ಅವನು ನನ್ನನ್ನೇ ನೋಡಿದ. ಅಲ್ಲಿದ್ದ ಕಲ್ಲಿನ ಮೇಲೆ ಮೆಲ್ಲಗೆ ಕೂತ.

ನಮ್ಮವರಿಗೂ ಕೇಳಿಸಿತ್ತು. ಅವರು ಚಕ್ಕಡಿ ಹತ್ತಲಿಲ್ಲ. ಟಿಕೋಟದ ತನಕ ಎತ್ತಿನ ಪಕ್ಕದಲ್ಲಿ ನಡೆದೇ ಬಂದರು. ಒಂಬತ್ತು ದಿನ ನನ್ನೊಡನೆ ಮಾತಿಲ್ಲ. ಹತ್ತನೆಯ ದಿನ ರೊಟ್ಟಿ ಮುರಿಯುತ್ತ ಕೇಳಿದರು:

"ಮಾತು ಕೊಟ್ಟಿದ್ವಲ್ಲ?"

"ನೀವು ಕೊಟ್ಟಿದ್ರಿ. ನಾ ಕೊಟ್ಟಿರಲಿಲ್ಲ."

"ನಿನಗೀಗ ಸಮಾಧಾನ ಆತೇನು?"

"ಆತ್ರಿ," ಎಂದೆ. ಸುಳ್ಳು ಹೇಳಲಿಲ್ಲ.

ವಿಚಾರಣೆ ನಡೆಯಿತು. ಕಚೇರಿಯಿಂದ ಸುಭೇದಾರನನ್ನು ತೆಗೆದರು, ಸಭೆಗಳಿಗೆ ಕರೆಯುವುದನ್ನು ಬಿಟ್ಟರು. ಮುಂದೆ ಒಂದು ಸಲ ಬಬಲೇಶ್ವರದ ಸಂತೆಯಲ್ಲಿ ಕಂಡ. ಉಳ್ಳಾಗಡ್ಡಿ ಆರಿಸುತ್ತಿದ್ದವನು ನನ್ನನ್ನು ನೋಡಿ ಚೀಲವನ್ನು ಅಲ್ಲಿಯೇ ಬಿಟ್ಟು ಪಕ್ಕದ ಓಣಿಗೆ ಹೊರಳಿದ. ಮುದುಕನಾಗಿದ್ದ. ಕನಿಕರ ಬರಬಹುದೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡಿದೆ. ಬರಲಿಲ್ಲ. ಮೆಣಸಿನಕಾಯಿ ಕೊಂಡು ಮನೆಗೆ ಬಂದೆ.

ಬೆಳ್ಳಿಯ ಪದಕ ಬಂದದ್ದು ಇನ್ನೂ ತಡವಾಗಿ, ಸಣ್ಣ ರಟ್ಟಿನ ಡಬ್ಬಿಯಲ್ಲಿ. ಅಂಚಿನಲ್ಲಿ ಕೊರೆದಿದ್ದ ನಂಬರನ್ನೂ ಹೆಸರನ್ನೂ ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ನಮ್ಮವರು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಹೊಳೆಯಲ್ಲಿ ಹೋದ ಜೊತೆಗಾರನ ಹೆಸರನ್ನು ಒಮ್ಮೆ ಹೇಳಿದರು. ಆಮೇಲೆ ಅದನ್ನು ನನ್ನ ಕಡೆಗೆ ಸರಿಸಿದರು.

"ನೀನೇ ಇಟ್ಕೊ. ಇದಕ್ಕ ನನಗಿಂತ ನೀನ ಹೆಚ್ಚು ಬಡದಾಡೀದಿ."

ಹೊಗಳಿ ಅಂದರೋ ಚುಚ್ಚಿ ಅಂದರೋ, ನಾನು ಕೇಳಲಿಲ್ಲ. ಇಟ್ಟುಕೊಂಡೆ.