ಭೋಗಿಯ ಬೆಂಕಿಗೆ ಹೋದ ಗುಲಾಬಿ ಕಾರ್ಡು

“ಇಲ್ಲೇ ಎಲ್ಲೋ ಇದೆ ಕಣೇ, ಹುಡುಕಿ ಕೊಡ್ತೀನಿ.”

ಅಮ್ಮಂದಿರು ಹೇಳುವ ಸುಳ್ಳುಗಳಲ್ಲಿ ಇದಕ್ಕಿಂತ ಸಲೀಸಾದದ್ದು ಇನ್ನೊಂದಿಲ್ಲ. ಕಳೆದ ತಿಂಗಳು ನಾನೂ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಮಗಳ ಕಣ್ಣೆದುರೇ ಬೀರು ತೆಗೆದು, ಸೀರೆಗಳ ಅಡಿಯಲ್ಲಿ ಕೈಯಾಡಿಸಿ, ಮಂಚದ ಕೆಳಗಿನ ಟ್ರಂಕ್ ಎಳೆದು, ಬೆವರು ಸುರಿಸಿ ಹುಡುಕುವ ನಾಟಕವನ್ನೂ ಆಡಿದೆ. ಆ ವಸ್ತು ಮನೆಯಲ್ಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಜನವರಿಯಲ್ಲಿ ನಾನೇ ಕೈಯಾರೆ ಅದನ್ನು ಸುಟ್ಟಿದ್ದೆ.

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನನ್ನ ಮಗಳು ಸಿಂಧುವಿಗೆ ಇಪ್ಪತ್ತೇಳು. ಜೂವಾಲಜಿಯಲ್ಲಿ ಬಿ.ಎಸ್ಸಿ. ಮಾಡಿ, ಇಲ್ಲೇ ಚೆನ್ನೈನ ಒಂದು ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ಸೆಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಹೋದ ವರ್ಷ ನಮ್ಮತ್ತೆ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ರಜೆ ಹಾಕಿ ಪಕ್ಕದಲ್ಲಿ ಕೂತವಳು ಇವಳೇ. ಅತ್ತೆ ಹುಷಾರಾಗಿ ಮನೆಗೆ ಬಂದರು. ಇವಳ ಮನಸ್ಸು ಮಾತ್ರ ವಾರ್ಡಿನಲ್ಲೇ ಉಳಿದುಬಿಟ್ಟಿತು.

ಒಂದು ಭಾನುವಾರ ದೋಸೆ ತಿನ್ನುತ್ತಾ, “ಅಮ್ಮಾ, ನಾನು ನರ್ಸಿಂಗ್ ಓದ್ತೀನಿ,” ಎಂದಳು.

“ಡಿಗ್ರಿ ಆದ್ಮೇಲೆ ನರ್ಸಾ? ಯಾರಾದ್ರೂ ಕೇಳಿದ್ರೆ ಏನಂತ ಹೇಳೋದೇ?”

“ನರ್ಸ್ ಅಂತ್ಲೇ ಹೇಳು. ದಿನಾ ಕಾಯಿಲೆಯವ್ರ ಪೇಪರ್ ನೋಡಿ ನೋಡಿ ಸಾಕಾಗಿದೆ ಮಾ. ಪೋದುಂ. ನಂಗೆ ಅವ್ರನ್ನ ನೋಡ್ಬೇಕು.”

(‘ಪೋದುಂ’ ಅಂದರೆ ಸಾಕು. ತಮಿಳುನಾಡಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಸಿಟ್ಟು ಬಂದರೆ ತಮಿಳು ಬರುತ್ತದೆ.)

ಅವಳು ಹುಡುಕಿಕೊಂಡದ್ದು ವಿದೇಶದ ಒಂದು ಕಾಲೇಜು. ಈಗಾಗಲೇ ಒಂದು ಡಿಗ್ರಿ ಇದ್ದವರಿಗೆ ನಾಲ್ಕು ವರ್ಷದ ನರ್ಸಿಂಗನ್ನು ಹದಿನಾರು ತಿಂಗಳಲ್ಲಿ ಮುಗಿಸಿಕೊಡುತ್ತಾರಂತೆ. ಓದುವುದು ಬೇಗ ಮುಗಿಯಬಹುದು, ಆದರೆ ಸೇರಿಕೊಳ್ಳುವುದಕ್ಕೆ ಅವರು ಕೇಳುವ ಕಾಗದಗಳು ಮುಗಿಯುತ್ತವೆಯೇ? ಯೂನಿವರ್ಸಿಟಿಯಿಂದ ಮೊಹರು ಹಾಕಿದ ಮಾರ್ಕ್ಸ್ ಕಾರ್ಡು. ಇಂಗ್ಲಿಷ್ ಪರೀಕ್ಷೆ. ಇಬ್ಬರು ದೊಡ್ಡವರ ಶಿಫಾರಸು ಪತ್ರ. ನರ್ಸ್ ಆಗಬೇಕು ಅಂತ ಯಾಕೆ ಅನ್ನಿಸಿತು ಎಂಬುದರ ಮೇಲೆ ಪ್ರಬಂಧ. ಪೊಲೀಸರಿಂದ ಸರ್ಟಿಫಿಕೇಟು. ಎದೆಬಡಿತ ನಿಂತವರ ಎದೆ ಒತ್ತಿ ಉಸಿರು ಬರಿಸುವ ತರಬೇತಿ. (ಇದನ್ನು ಅವಳು ನಮ್ಮ ಯಜಮಾನರ ತಲೆದಿಂಬಿನ ಮೇಲೆ ಪ್ರಾಕ್ಟೀಸ್ ಮಾಡಿ ಹತ್ತಿಯೆಲ್ಲ ಹೊರಗೆ ಬಂತು.) ಹೆಣ್ಣು ನೋಡಲು ಬಂದು ಜಾತಕ ಕೇಳುವವರೂ ಇಷ್ಟು ಕೇಳುವುದಿಲ್ಲ.

ಆದರೆ ನಿಜವಾಗಿ ಹೆದರಿಸಿದ್ದು ಇನ್ನೊಂದು ಷರತ್ತು. ಡಿಗ್ರಿಯಲ್ಲಿ ಓದಿದ ಫಿಸಿಯಾಲಜಿ, ಮೈಕ್ರೋಬಯಾಲಜಿ ಇತ್ಯಾದಿ ವಿಷಯಗಳು ಏಳು ವರ್ಷಕ್ಕಿಂತ ಹಳೆಯವಾಗಿದ್ದರೆ ಲೆಕ್ಕಕ್ಕಿಲ್ಲ. ಸಿಂಧು ಓದು ಮುಗಿಸಿ ಆರು ವರ್ಷ ದಾಟಿದೆ. ಅಂದರೆ ಈ ವರ್ಷ ಸೀಟು ಸಿಗದಿದ್ದರೆ ಆ ವಿಷಯಗಳನ್ನೆಲ್ಲ ಮತ್ತೆ ಮೊದಲಿನಿಂದ ಓದಬೇಕು. ಅರ್ಜಿಗೆ ಉಳಿದದ್ದು ಹತ್ತೊಂಬತ್ತು ದಿನ.

ಆ ಪಟ್ಟಿಯ ಕೊನೆಯಲ್ಲಿತ್ತು ನನ್ನ ಪಾಲಿನ ಶನಿ. ಹುಟ್ಟಿದಾಗಿನಿಂದ ಹಾಕಿಸಿದ ಲಸಿಕೆಗಳ ದಾಖಲೆ. ಯಾವುದು, ಯಾವ ದಿನ, ಹಾಕಿದವರ ಹೆಸರು, ಕೆಳಗೆ ಡಾಕ್ಟರ ಸಹಿ.

“ನನ್ನ ವ್ಯಾಕ್ಸಿನೇಷನ್ ಕಾರ್ಡ್ ಇದೆಯಲ್ಲ ಮಾ, ಪಿಂಕ್ ಕಲರ್‌ದು?”

ಆಗಲೇ ನಾನು ಆ ಸುಳ್ಳು ಹೇಳಿದ್ದು.

ನಮ್ಮ ತುಮಕೂರಿನ ಮನೆಯಲ್ಲಿ ಸಂಕ್ರಾಂತಿ ಅಂದರೆ ಎಳ್ಳು-ಬೆಲ್ಲ, ಕಬ್ಬು, ಸಕ್ಕರೆ ಅಚ್ಚು. ಹಿಂದಿನ ದಿನ ಬೆಳಿಗ್ಗೆ ಎದ್ದು ಮನೆಯ ಹಳೇ ಸಾಮಾನನ್ನು ಬೀದಿಯಲ್ಲಿ ಸುಡುವ ಭೋಗಿ ನಮಗೆ ಗೊತ್ತೇ ಇರಲಿಲ್ಲ. ಯಜಮಾನರ ರೈಲ್ವೆ ಕೆಲಸಕ್ಕಾಗಿ ಚೆನ್ನೈನ ಪೆರಂಬೂರಿಗೆ ಬಂದು ಮೂರು ದಶಕವಾಯಿತು. ಹೊಸತರಲ್ಲಿ ಹೊಗೆಗೆ ಮೂಗು ಮುಚ್ಚಿಕೊಂಡು ಒಳಗೆ ಕೂರುತ್ತಿದ್ದೆ. ಈಗ ಎದುರುಮನೆಯವರಿಗಿಂತ ಮೊದಲೇ ಬೆಂಕಿಪೊಟ್ಟಣ ಹಿಡಿದು ನಿಲ್ಲುತ್ತೇನೆ. ಹೊಸದಾಗಿ ಮತಕ್ಕೆ ಸೇರಿದವರಿಗೆ ಭಕ್ತಿ ಜಾಸ್ತಿ, ನೋಡಿ.

ಈ ಸಲದ ಭೋಗಿಗೆ ಒಂದು ಹಳೇ ಸೂಟ್‌ಕೇಸಿನ ಕಾಗದವನ್ನೆಲ್ಲ ಸುರಿದೆ. ಗುಲಾಬಿ ಕಾರ್ಡು ಕಣ್ಣಿಗೆ ಬಿದ್ದಿತ್ತು. ಅದರ ಮೂಲೆಯಲ್ಲಿ ಸಿಂಧು ಎರಡು ವರ್ಷದವಳಿದ್ದಾಗ ಕಚ್ಚಿದ ಗುರುತೂ ಇತ್ತು. ಇಷ್ಟು ದೊಡ್ಡ ಹುಡುಗಿಗೆ ಇನ್ನು ಪೋಲಿಯೋ ಕಾರ್ಡೇಕೆ ಅಂದುಕೊಂಡು ಹಾಕಿಬಿಟ್ಟೆ.

ಅಯ್ಯೋ, ಪೂರ್ತಿ ನಿಜ ಹೇಳಿಬಿಡುತ್ತೇನೆ. ಅವಳು ಕಾರ್ಡು ಕೇಳಿದ ಕ್ಷಣ ಹೆದರಿದೆ. ಅದರ ಹಿಂದೆಯೇ ಸಣ್ಣದೊಂದು ನೆಮ್ಮದಿಯೂ ಬಂತು. ಕಾರ್ಡಿಲ್ಲ, ಹಾಗಾದರೆ ಕಾಲೇಜೂ ಇಲ್ಲ. ಮಗಳು ಯಾರದೋ ಮಲಮೂತ್ರ ಬಳಿಯಲು ಅಷ್ಟು ದೂರ ಹೋಗುವುದೂ ಇಲ್ಲ. ಹೆತ್ತ ತಾಯಿ ಹೀಗೆ ಯೋಚಿಸಬಹುದೇ? ಯೋಚಿಸಿದೆ. ಆಮೇಲೆ ನಾಚಿಕೆಯಾಯಿತು.

ಮೂರು ದಿನ ನಾಟಕ ನಡೆಸಿದೆ. ಊಟ ಸೇರಲಿಲ್ಲ. ನಾಲ್ಕನೇ ದಿನ ಮತ್ತೆ ಟ್ರಂಕಿಗೆ ಕೈ ಹಾಕಿದಾಗ ಸಿಂಧು ನನ್ನ ತೋಳು ಹಿಡಿದು ಎಬ್ಬಿಸಿದಳು. “ಸಾಕು ಬಿಡು ಮಾ, ನಿಂಗೆ ಬೆನ್ನು ನೋವು. ಸಿಗತ್ತೆ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಎಲ್ಲ ಬಾಯಿಬಿಟ್ಟೆ.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಕಣ್ಣು ಕೆಂಪಗಿತ್ತು.

“ಲಸಿಕೆ ಹಾಕಿಸಿದ್ದು ಗೊತ್ತಾಗೋಕೆ ಬ್ಲಡ್ ಟೆಸ್ಟ್ ಮಾಡಿಸಿದ್ರೆ ಆಗಲ್ವೇನೇ?” ಎಂದು ಯಜಮಾನರು ಕೇಳಿದರು.

“ಕೆಲವಕ್ಕೆ ಒಪ್ಕೊಳ್ತಾರೆ ಅಪ್ಪಾ. ಆದ್ರೆ ಹೆಪಟೈಟಿಸ್‌ದು ಮೂರು ಡೋಸ್ ಆಗಿರೋದಕ್ಕೆ ರೆಕಾರ್ಡ್ ಬೇಕೇ ಬೇಕು. ಇಲ್ದಿದ್ರೆ ಮೊದ್ಲಿಂದ ಹಾಕಿಸ್ಬೇಕು. ಆರು ತಿಂಗಳು.” ಆಮೇಲೆ ನನ್ನ ಕಡೆ ತಿರುಗಿದಳು. “ಯಾವ ಡಾಕ್ಟರು ಮಾ?”

ಡಾಕ್ಟರ ವಿಷಯ ನನಗೆ ಬಾಯಿಪಾಠ. ಅವರ ಹೆಸರು, ಇನಿಷಿಯಲ್ಲು, ಬಿಳಿ ಅಂಬಾಸಿಡರ್ ಕಾರು, ಅವರ ಹೆಂಡತಿಯ ಮೂಗುಬೊಟ್ಟು ಎಲ್ಲ ಹೇಳಿದೆ.

“ಇಂಜೆಕ್ಷನ್ ಹಾಕ್ತಿದ್ದಿದ್ದು ಅವರೇನಾ?”

“ಇಲ್ಲ, ಸಿಸ್ಟರ್ ಹಾಕ್ತಿದ್ರು.”

“ಸಿಸ್ಟರ್ ಹೆಸರು?”

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತಿರಲಿಲ್ಲ, ನನಗೆ ಯಾವತ್ತೂ ಗೊತ್ತೇ ಇರಲಿಲ್ಲ.

ಡಾಕ್ಟರು ಈಗ ಮೈಲಾಪೂರಿನಲ್ಲಿ ಮಗನ ಜೊತೆ ಇದ್ದಾರೆ. ನಂಬರು ಹುಡುಕಿ ಫೋನ್ ಮಾಡಿದೆವು. ಕ್ಲಿನಿಕ್ ಮುಚ್ಚಿ ಹತ್ತು ವರ್ಷವಾಯಿತಂತೆ, ಅವರ ಹತ್ತಿರ ಏನೂ ಉಳಿದಿಲ್ಲ. “ಅದೆಲ್ಲಾ ಸಿಸ್ಟರ್ ಬರೆದಿಡ್ತಿದ್ದರು. ಈಗ ಎಲ್ಲಿದ್ದಾರೋ,” ಎಂದರು.

ಹೆಸರಿಲ್ಲದ ಸಿಸ್ಟರನ್ನು ಪೆರಂಬೂರಿನಲ್ಲಿ ಹುಡುಕುವುದು ಹೇಗೆ? ಕ್ಲಿನಿಕ್ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಪಕ್ಕದ ಮೆಡಿಕಲ್ ಶಾಪ್ ಮಾತ್ರ ಹಳೆಯದು. “ಓ, ಸಿಸ್ಟರಮ್ಮಾನಾ?” ಎಂದ ಅಂಗಡಿಯವನು ಚರ್ಚಿನ ಹಿಂದಿನ ಬೀದಿಯ ಹಸಿರು ಗೇಟಿನ ಗುರುತು ಹೇಳಿದ. ಹೆಸರೇನು ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.

ಹಸಿರು ಗೇಟು ತೆರೆದವರು ಬಿಳಿಕೂದಲಿನ ಸಣ್ಣ ಹೆಂಗಸು. ನನ್ನನ್ನೂ ಸಿಂಧುವನ್ನೂ ನೋಡಿ ಅವರಿಗೆ ಗುರುತು ಹತ್ತಲಿಲ್ಲ. ಇವಳು ಹುಟ್ಟಿದ ತಿಂಗಳು, ನಾವು ಆಗ ಇದ್ದ ಕ್ವಾರ್ಟರ್ಸಿನ ಬೀದಿ ಹೇಳುತ್ತಿದ್ದಂತೆ ಅವರೇ ನಕ್ಕರು. “ಕಾರ್ಡ್ ಕಡಿಯೋ ಪಾಪಾನಾ?” (ಹೇಳಿದ್ದು ತಮಿಳಿನಲ್ಲಿ, ನಾನು ಕನ್ನಡ ಮಾಡಿದ್ದೇನೆ.)

ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದರು. ತುಂಬ ನೋಟ್‌ಪುಸ್ತಕಗಳು, ವರ್ಷಕ್ಕೊಂದು. ಯಾವ ಮಗುವಿಗೆ ಯಾವ ದಿನ ಏನು ಹಾಕಿದ್ದು, ಮುಂದೆ ಯಾವಾಗ ಬರಬೇಕು, ಎಲ್ಲ ನೀಲಿ ಶಾಯಿಯಲ್ಲಿ. ಬರದವರ ಮನೆಗೆ ಹೇಳಿ ಕಳಿಸಲಿಕ್ಕೆ ಬರೆದುಕೊಂಡದ್ದಂತೆ. ಕ್ಲಿನಿಕ್ ಮುಚ್ಚಿದಾಗ ಎಸೆಯಿರಿ ಅಂದರಂತೆ, ಇವರು ಮನೆಗೆ ಹೊತ್ತು ತಂದರು.

“ಇಷ್ಟು ವರ್ಷ ಭೋಗಿಗೂ ಹಾಕ್ಲಿಲ್ವೇ?” ಎಂದು ಕೇಳಿದೆ.

“ಕೊಳಂದೈಂಗ ಪೇರು ಇರುಕ್ಕು. ಅದ ನೆರುಪ್ಪುಲ ಪೋಡುವಾಂಗಳಾ?”

ಮಕ್ಕಳ ಹೆಸರಿದೆ, ಅದನ್ನು ಬೆಂಕಿಗೆ ಹಾಕುತ್ತಾರೆಯೇ ಅಂತ. ನಾನು ಸಿಂಧುವಿನ ಮುಖ ನೋಡಲಿಲ್ಲ.

ಪುಟ ಸಿಕ್ಕಿತು. ಸಿಂಧು ಒಂದೊಂದೇ ಸಾಲು ಓದುತ್ತಾ ಫೋಟೋ ತೆಗೆದುಕೊಂಡಳು. ಒಂದು ಕಡೆ ನಿಂತಳು. ಹೆಪಟೈಟಿಸ್ ಮೂರನೇ ಡೋಸಿನ ಮುಂದೆ ದಿನಾಂಕ ಇರಲಿಲ್ಲ. ‘ಬರಲಿಲ್ಲ. ಎರಡು ಸಲ ಹೇಳಿ ಕಳಿಸಿದೆ’ ಎಂದಿತ್ತು.

ಒಂದೇ ಒಂದು ಇಂಜೆಕ್ಷನ್ ತಪ್ಪಿಸಿದವಳಲ್ಲ ನಾನು ಅಂತ ಇಷ್ಟು ವರ್ಷ ಕೊಚ್ಚಿಕೊಂಡಿದ್ದೆನಲ್ಲ! ಆ ತಿಂಗಳು ತಮ್ಮನ ಮದುವೆಗೆಂದು ತುಮಕೂರಿಗೆ ಹೋದವಳು ಆಮೇಲೆ ಮರೆತೇಬಿಟ್ಟಿದ್ದೆ. ನೆಲ ಬಿರಿದರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ಗಾಬರಿಯಾಗದೆ ಇದ್ದವರು ಸಿಸ್ಟರ್ ಒಬ್ಬರೇ. “ಮೊದಲಿಂದ ಶುರು ಮಾಡೋದು ಬೇಡಮ್ಮಾ. ಎರಡು ಆಗಿದೆ, ಬಾಕಿ ಒಂದು. ನಾಳೇನೇ ಹಾಕಿಸ್ಕೋ,” ಎಂದರು. ಆರು ತಿಂಗಳ ಭಯ ಒಂದು ದಿನಕ್ಕೆ ಇಳಿಯಿತು.

ಅಲ್ಲೇ ಕೂತು ಫಾರಂ ತುಂಬಿಸಿದೆವು. ಹಾಕಿದವರ ಹೆಸರಿನ ಕಾಲಂ ಬಂದಾಗ ಸಿಂಧು ಪೆನ್ನು ಹಿಡಿದು ತಲೆಯೆತ್ತಿದಳು. “ಸಿಸ್ಟರ್, ಉಂಗ ಪೇರು?”

ಅವರು ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ, “ಡಿ. ಸೆಲ್ವರಾಣಿ,” ಎಂದರು.

ಮರುದಿನ ಬಾಕಿ ಡೋಸು ಆಯಿತು. ಸಿಂಧು ನೋಟ್‌ಪುಸ್ತಕ ತೆಗೆದುಕೊಂಡು ಮೈಲಾಪೂರಿಗೆ ಹೋದಳು. ಡಾಕ್ಟರು ಕನ್ನಡಕ ಹಾಕಿ ಅಕ್ಷರ ಗುರುತಿಸಿ, “ಸಿಸ್ಟರ್ ಬರೆದಿದ್ದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ,” ಎಂದು ಸಹಿ ಹಾಕಿದರಂತೆ. ಡಾಕ್ಟರಿಗೂ ಅವರು ಬರೀ ಸಿಸ್ಟರೇ.

ಅರ್ಜಿ ಹೋಗಿದೆ. ಗಡುವಿಗೆ ಐದು ದಿನ ಇರುವಾಗಲೇ ಹೋಯಿತು. ಈಗ ಸಿಂಧು ದಿನಕ್ಕೆ ಹತ್ತು ಸಲ ಇಮೇಲ್ ನೋಡುತ್ತಾಳೆ, ನಾನು ಹತ್ತು ಸಲ ಅವಳ ಮುಖ ನೋಡುತ್ತೇನೆ. ಸಿಗದಿದ್ದರೆ ಅನ್ನುವ ಭಯ ಅವಳಿಗೆ. ನನ್ನ ಭಯ ಬೇರೆ.

ಮಗಳು ನರ್ಸ್ ಆದರೆ ಜನ ಏನನ್ನುತ್ತಾರೋ ಅಂತ ಮೊದಲು ಹೆದರಿದ್ದೆ. ಅದು ಹೋಯಿತು. ಈಗ ಅಡುಗೆಮನೆಯಲ್ಲಿ ನಿಂತಾಗಲೆಲ್ಲ ಇನ್ನೊಂದು ಭಯ ಹತ್ತಿಕೊಳ್ಳುತ್ತದೆ. ನನ್ನ ಮಗುವನ್ನು ಮಡಿಲಲ್ಲಿಟ್ಟುಕೊಂಡು ಸೂಜಿ ಹಾಕಿದ, ಅದು ಅತ್ತಾಗ ಕಾರ್ಡು ಕಚ್ಚಲು ಕೊಟ್ಟು ಸಮಾಧಾನ ಮಾಡಿದ ಹೆಂಗಸಿನ ಹೆಸರನ್ನು ಒಂದು ಫಾರಂ ಕೇಳುವವರೆಗೆ ನಾನು ಕೇಳಲಿಲ್ಲ.

ಅಷ್ಟು ದೂರದ ಊರಿನಲ್ಲಿ, ಯಾವ ತಾಯಿ ನನ್ನ ಸಿಂಧುವಿನ ಹೆಸರು ಕೇಳುತ್ತಾಳೆ?