ಕನಕಾಂಬರ ಮತ್ತು ಖಾಲಿ ಪ್ಲೇಟು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಆದರೆ ಆ ವರ್ಷದ್ದು ತುತ್ತು ಗಂಟಲಲ್ಲಿ ಇಳಿಯದಂಥ ಹೊಟ್ಟೆಕಿಚ್ಚು. ಪೀಣ್ಯದಲ್ಲಿ ಕ್ಯಾನ್ ನೀರನ್ನು ಪರೀಕ್ಷೆ ಮಾಡುವ ಸಣ್ಣ ಲ್ಯಾಬೊಂದರಲ್ಲಿ ನಾನು ಎಂಟು ವರ್ಷ ದುಡಿದಿದ್ದೆ. ನಮ್ಮ ವಿಭಾಗಕ್ಕೆ ಒಬ್ಬ ಮುಖ್ಯಸ್ಥೆ ಬೇಕು ಎಂಬ ಮಾತು ಬಂದಾಗ ಆ ಕುರ್ಚಿ ನನ್ನದೇ ಎಂದುಕೊಂಡಿದ್ದೆ. ಅಷ್ಟರಲ್ಲಿ ಬಂದಳು ಮಹಾತಾಯಿ! ಬಾಗಲಕೋಟೆ ಕಡೆಯ ಹುಡುಗಿ, ಓದು ಮುಗಿಸಿ ಎರಡು ವರ್ಷವಾಗಿತ್ತಷ್ಟೆ. ಅಪ್ಪ ಅಮ್ಮನಿಗೆ ಕಟ್ಟಡದ ಕೆಲಸ, ದಾಸರಹಳ್ಳಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಮೂರೇ ತಿಂಗಳಲ್ಲಿ ಮ್ಯಾನೇಜರು ಏನು ಕೇಳಬೇಕಾದರೂ ನನ್ನನ್ನು ದಾಟಿ ಅವಳ ಹತ್ತಿರ ಹೋಗತೊಡಗಿದರು.

ನಮ್ಮ ಕೆಲಸ ಇಷ್ಟೇ. ಬ್ಯಾಕ್ಟೀರಿಯಾಗಳಿಗೆ ಊಟ ಹಾಕಿಟ್ಟ ಪ್ಲೇಟಿಗೆ ನೀರಿನ ಹನಿ ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಎರಡು ದಿನದ ಮೇಲೆ ಎದ್ದ ಚುಕ್ಕೆಗಳನ್ನು ಎಣಿಸುವುದು. ಜೊತೆಗೆ ಒಂದು ಪ್ಲೇಟಿಗೆ ನೀರು ಬಿಡದೆ ಖಾಲಿ ಇಡಬೇಕು. ಅದಕ್ಕೆ ಕಂಟ್ರೋಲ್ ಅನ್ನುತ್ತೇವೆ. ಅದರಲ್ಲೂ ಚುಕ್ಕೆ ಬಂದರೆ ತಪ್ಪು ನೀರಿನದಲ್ಲ, ನಮ್ಮದು. ಆ ದಿನದ ಪರೀಕ್ಷೆಯೆಲ್ಲ ರದ್ದು. ನನ್ನ ಕಂಟ್ರೋಲಿನಲ್ಲಿ ಆಗೊಮ್ಮೆ ಈಗೊಮ್ಮೆ ಚುಕ್ಕೆ ಬರುತ್ತಿತ್ತು. ಅದನ್ನು ಕಸಕ್ಕೆ ಹಾಕಿ, ರಿಜಿಸ್ಟರಿನಲ್ಲಿ ‘ಬೆಳವಣಿಗೆ ಇಲ್ಲ’ ಎಂದು ಮುದ್ದಾಗಿ ಬರೆದುಬಿಡುತ್ತಿದ್ದೆ. ಯಾರು ನೋಡುತ್ತಾರೆ?

ಒಂದು ಸೋಮವಾರ ಅವಳ ಕಂಟ್ರೋಲಿನಲ್ಲಿ ಎರಡು ಚುಕ್ಕೆ ಕಂಡವು. ನಾನು ಒಳಗೊಳಗೇ ಹಿಗ್ಗಿದೆ. ಆ ಪುಣ್ಯಾತ್ಗಿತ್ತಿ ಪ್ಲೇಟು ಹಿಡಿದು ನೇರ ಮ್ಯಾನೇಜರ ಹತ್ತಿರ ಹೋದಳು.

“ಸರ್, ಕಂಟ್ರೋಲ್ ಕೆಟ್ಟೈತ್ರಿ. ಯಾಕಂತ ಗೊತ್ತಾಗವಲ್ದು.”

ಬೈಗುಳ ಬೀಳುತ್ತದೆ ಎಂದು ಕಿವಿ ನಿಮಿರಿಸಿ ಕೂತಿದ್ದೆ. “ಭೇಷ್, ಹೇಳಿದ್ದು ಒಳ್ಳೇದಾಯ್ತು ಕಣಮ್ಮ” ಎಂದರು ಅವರು. ನನಗೆ ಮೈಯೆಲ್ಲ ಉರಿದುಹೋಯಿತು.

“ಸಾರ್, ಇರೋದು ಇಬ್ರು. ಯಾರ ಕೈ ಸರಿ ಇಲ್ಲ ಅಂತ ನೋಡೇಬಿಡೋಣ” ಎಂದೆ.

ಆ ಪ್ರಯೋಗ ಹೂಡಿದವಳು ನಾನೇ. ಅದೇ ಪ್ಲೇಟು, ಅದೇ ಪೆಟ್ಟಿಗೆ, ಅದೇ ಮೇಜು. ಒಂದು ದಿನ ನಾನೊಬ್ಬಳೇ, ಮರುದಿನ ಅವಳೊಬ್ಬಳೇ, ಹೀಗೆ ಸರದಿಯಲ್ಲಿ. ಬದಲಾಗುವುದು ಕೆಲಸ ಮಾಡುವವರು ಮಾತ್ರ. ಒಂದೆರಡು ಪ್ಲೇಟಾದರೆ ಅದೃಷ್ಟ ಕೆಟ್ಟಿತ್ತು ಅಂದುಬಿಟ್ಟಾಳು ಎಂದು ತಲಾ ಹದಿನೆಂಟು ಖಾಲಿ ಪ್ಲೇಟು ಇಡಿಸಿದೆ. ಮ್ಯಾನೇಜರು ಅವಳ ಪರ ಎಂಬ ಗುಮಾನಿ ಬೇರೆ. ಅದಕ್ಕೇ ಪ್ಲೇಟಿನ ಮೇಲೆ ಬರೀ ನಂಬರು, ಯಾವ ನಂಬರು ಯಾರದೆಂಬ ಪಟ್ಟಿ ಆಫೀಸಿನ ಗುಮಾಸ್ತೆಯ ಬೀರುವಿನಲ್ಲಿ. ಎಲ್ಲವನ್ನೂ ಎರಡೆರಡು ದಿನ ಬೆಚ್ಚಗಿಟ್ಟಾದ ಮೇಲೆ, ಮುಂದೆ ಬೆಳೆಯದಂತೆ ಫ್ರಿಜ್ಜಿಗೆ ಸೇರಿಸಿ, ಕೊನೆಯ ದಿನ ಕಲೆಸಿ ಮ್ಯಾನೇಜರ ಮುಂದಿಟ್ಟೆವು.

ಐದು ಪ್ಲೇಟುಗಳಲ್ಲಿ ಚುಕ್ಕೆ ಇತ್ತು. ಪಟ್ಟಿ ತರಿಸಿ ನೋಡಿದರು. ಐದೂ ನನ್ನವೇ.

ಅಯ್ಯೋ, ತಕರಾರು ತೆಗೆಯಲು ಒಂದು ಸಂದಾದರೂ ಇರಬೇಕಲ್ಲ! ಎಲ್ಲವನ್ನೂ ನಾನೇ ಮುಚ್ಚಿದ್ದೆ.

ಅವಳು ನನ್ನ ಹಿಂದೆ ಬಂದು ಮೆಲ್ಲಗೆ ಕೇಳಿದಳು: “ಅಕ್ಕಾರ, ಟೋಪಿ ಒಳಗ ಹೂವು ಮುಡ್ಕೊಂಡೀರೇನ್ರಿ?”

ಮುಡಿದಿದ್ದೆ. ಹೂವಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಬರುತ್ತವೆ, ಲ್ಯಾಬಿನಲ್ಲಿ ಮುಡಿಯಬಾರದು ಎಂಬ ನಿಯಮ ನನಗೂ ಗೊತ್ತಿತ್ತು. ಆದರೆ ದಿನಾ ಬಸ್ ಸ್ಟಾಪಿನಲ್ಲಿ ಒಂದು ಮೊಳ ಕನಕಾಂಬರ ಕೊಳ್ಳದಿದ್ದರೆ ನನಗೆ ಬೆಳಗಾಗುತ್ತಿರಲಿಲ್ಲ. ಕನಕಾಂಬರಕ್ಕೆ ವಾಸನೆಯಿಲ್ಲ, ಟೋಪಿ ಎಳೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ.

“ಅದs ಅಂತ ಹೇಳಾಕ ಬರಂಗಿಲ್ರಿ. ಹೂವಿಲ್ದ ನೀವs ಇನ್ನೊಮ್ಮೆ ಮಾಡಿ ನೋಡ್ರಿ.”

ನನಗೇ ಪಾಠ ಹೇಳುತ್ತಾಳೆ, ಎಷ್ಟು ಕೊಬ್ಬು! ಮರುವಾರ ಬೋಳು ಜಡೆಯಲ್ಲಿ ಮಾಡಿದೆ. ಹದಿನೆಂಟೂ ಸ್ವಚ್ಛವಾಗಿ ಬಂದವು. ಆ ಸೋಮವಾರ ಅವಳ ಪ್ಲೇಟು ಕೆಟ್ಟದ್ದೂ ಪಕ್ಕದಲ್ಲಿದ್ದ ನನ್ನ ಹೂವಿನಿಂದಲೇ ಇರಬೇಕು.

ಮ್ಯಾನೇಜರು ಹಳೆಯ ರಿಜಿಸ್ಟರುಗಳನ್ನು ಹರಡಿಕೊಂಡು ಕೂತಿದ್ದರು. “ಎಂಟು ವರ್ಷದಲ್ಲಿ ಒಂದ್ ಸಲಾನೂ ನಿಮ್ಮ ಕಂಟ್ರೋಲ್ ಕೆಟ್ಟೇ ಇಲ್ವಾ ಮೇಡಂ?”

ಪುಟದ ತುಂಬ ನನ್ನ ಮುದ್ದಾದ ಅಕ್ಷರ. ಇಲ್ಲ ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಆ ಹುಡುಗಿ ನಿಂತಿದ್ದಳು.

“ಕೆಟ್ಟಿತ್ತು ಸಾರ್. ಬಿಸಾಕ್ಬಿಡ್ತಿದ್ದೆ.”

ಕುರ್ಚಿ ಅವಳಿಗೆ ಹೋಯಿತು. ನನ್ನನ್ನು ಕೆಲಸದಿಂದ ತೆಗೆಯದಿದ್ದುದೇ ಹೆಚ್ಚು. ಹೊಟ್ಟೆ ಉರಿಯಿತೇ? ಉರಿಯಿತು, ಸುಳ್ಳೇಕೆ ಹೇಳಲಿ. ‘ಯಾಕಂತ ಗೊತ್ತಾಗವಲ್ದು’ ಎಂದು ಅವಳು ಸಲೀಸಾಗಿ ಹೇಳಿದ್ದಳಲ್ಲ, ಅದಕ್ಕೆ ಇನ್ನೂ ಹೆಚ್ಚು ಉರಿಯಿತು.

ತಿಂಗಳ ನಂತರ ಇಬ್ಬರು ಹೊಸಬರು ಸೇರಿದರು. ಅವಳು ಅವರನ್ನು ನನ್ನ ಮೇಜಿಗೆ ಕರೆತಂದಳು.

“ಅಕ್ಕಾರು ಹೂಡಿದಂಥಾ ಪ್ರಯೋಗ ನಾ ಕಾಲೇಜಿನ್ಯಾಗೂ ನೋಡಿಲ್ಲ. ಎಲ್ಲೂ ಸಂದು ಬಿಟ್ಟಿಲ್ಲ. ಇವರ ಕಡೆನs ಕಲೀರಿ.”

ಅವಳನ್ನು ಕೆಡವಲೆಂದೇ ಆ ಸಂದುಗಳನ್ನು ಮುಚ್ಚಿದ್ದೆ ಎಂದು ಹೇಗೆ ಹೇಳಲಿ? ಕಣ್ಣು ತುಂಬಿಕೊಂಡಿತು. ಹೊಸಬರು ಪುಸ್ತಕ ತೆರೆದು ಕಾಯುತ್ತಿದ್ದರು.

“ಮೊದ್ಲು ಖಾಲಿ ಪ್ಲೇಟು ನೋಡಿ” ಎಂದೆ. “ಅದ್ರಲ್ಲೇನಾದ್ರೂ ಬಂದಿದ್ರೆ ಬಿಸಾಕ್ಬೇಡಿ.”